ಸೋದರಮಾವನ ಡೈರಿಯಲ್ಲಿರುವ ಬಾಕಿ

ಪ್ರಶ್ನೆ: ನಮ್ಮದು ಸಾಂಗ್ಲಿ ಜಿಲ್ಲೆ, ಜತ್ತ ತಾಲೂಕು, ಉಮದಿ ಕಡೆಯ ಒಂದು ಹಳ್ಳಿ. ನನಗೆ 24 ವರ್ಷ. ನಾನು, ನನ್ನ ಗಂಡ ಮೂರು ವರ್ಷದಿಂದ ಕಬ್ಬು ಕಡಿಯಲು ಹೋಗುತ್ತೇವೆ. ಮುಕಾದಮ, ಅಂದರೆ ಮುಂಗಡ ಕೊಟ್ಟು ಗ್ಯಾಂಗು ಕಟ್ಟಿ ಕರಕೊಂಡು ಹೋಗುವವರು, ಬೇರೆ ಯಾರೂ ಅಲ್ಲ, ನಮ್ಮ ಅವ್ವನ ತಮ್ಮ, ನನ್ನ ಸೋದರಮಾವ. ಮೊದಲ ವರ್ಷ ನಾದಿನಿಯ ಮದುವೆಗೆ ಅಂತ ಉಚಲ್ (ಮುಂಗಡ) ತೆಗೆದುಕೊಂಡಿದ್ದು. ಅದು ತೀರಲೇ ಇಲ್ಲ. ಹೋದ ದಸರೆಗೆ ಹಳೆಯದು, ಹೊಸದು ಸೇರಿಸಿ 1,20,000 ರೂಪಾಯಿ ಬರೆದರು. ಐದು ತಿಂಗಳು ಕಡಿದು ಬಂದೆವು. ಈಗ ಮತ್ತೆ 54,280 ಬಾಕಿ ಅಂತಾರೆ. ಅದು ತೀರುವ ತನಕ 17 ವರ್ಷದ ನನ್ನ ಮೈದುನನನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದಾರೆ. ದನ ನೋಡಿಕೊಳ್ಳುತ್ತಾನೆ, ಟ್ರ್ಯಾಕ್ಟರ್ ಹೊಡೆಯುತ್ತಾನೆ, ಪಗಾರ ಇಲ್ಲ. ನನಗೆ ಸೊಲ್ಲಾಪುರದಲ್ಲಿ ಯುನಿಫಾರ್ಮ್ ಹೊಲಿಯುವ ಕಡೆ ಕೆಲಸ ಕೊಡ್ತೀನಿ ಅಂದಿದ್ದಾರೆ. ಗಂಡನಿಗೂ ಅಲ್ಲೇ ಏನಾದರೂ ಸಿಗುತ್ತದೆ. ಮಾವ ಬಿಡೋದಿಲ್ಲ. ನಾವು ಈ ದಸರೆಗೆ ಹೊರಡದಿದ್ದರೆ ಮೇಲಿನವರು ಅವರ ಟ್ರ್ಯಾಕ್ಟರ್ ಎಳೆದುಕೊಂಡು ಹೋಗುತ್ತಾರಂತೆ. ಅವರ ಮಗಳನ್ನೇ ನನ್ನ ಅಣ್ಣನಿಗೆ ಕೊಟ್ಟಿದ್ದಾರೆ. "ನೀವು ಕೈ ಕೊಟ್ಟರೆ ನನ್ನ ಮಗಳನ್ನು ವಾಪಸ್ ಕರಕೊಂಡು ಬರ್ತೀನಿ" ಅಂತಾರೆ. ನನ್ನ ಗಂಡ ಗುಡ್ಡಾಪುರದ ದಾನಮ್ಮನ ಗುಡಿಯಲ್ಲಿ ಅವರಿಗೆ ಮಾತು ಕೊಟ್ಟಿದ್ದಾರೆ. ಒಮ್ಮೊಮ್ಮೆ ರಾತ್ರಿ ಎದ್ದು ಓಡಿ ಹೋಗೋಣ ಅನ್ನಿಸುತ್ತದೆ. ಆದರೆ ಸಣ್ಣವಳಿದ್ದಾಗ ನನ್ನನ್ನು ಹೆಗಲ ಮೇಲೆ ಹೊತ್ತು ಜಾತ್ರೆ ತೋರಿಸಿದ ಮಾವ ಅವರು. ಅವರಿಗೆ ದ್ರೋಹ ಮಾಡಲೋ, ಹೀಗೇ ಇರಲೋ?

ಉತ್ತರ: ತಂಗಿ, ನಿಮ್ಮ ಪತ್ರವನ್ನು ಇಲ್ಲಿ ಚಿಕ್ಕದು ಮಾಡಿ ಕೊಟ್ಟಿದೆ, ನಾನು ಪೂರ್ತಿ ಓದಿದ್ದೇನೆ. ನೀವು ಪತ್ರದ ಜೊತೆ ಮಾವನ ಡೈರಿಯ ಒಂದು ಪುಟದ ಫೋಟೊ ಕಳಿಸಿದ್ದೀರಿ. ಪತ್ರಕ್ಕಿಂತ ಮೊದಲು ನಾನು ಆ ಪುಟವನ್ನೇ ಓದಿದೆ. ಕಬ್ಬಿನ ಗ್ಯಾಂಗಿನವರ ಕೇಸು ನೋಡುವ ವಕೀಲರಿಗೆಲ್ಲ ಇದು ಅಭ್ಯಾಸ. ಬಾಯಲ್ಲಿ ಹೇಳುವುದರಲ್ಲಿ ಸಿಟ್ಟು, ಪ್ರೀತಿ, ಹೆದರಿಕೆ ಎಲ್ಲ ಕಲಸಿರುತ್ತದೆ. ಡೈರಿಯಲ್ಲಿ ಬರೀ ಅಂಕಿ ಇರುತ್ತದೆ.

ಆ ಪುಟದಲ್ಲಿ ಇರುವುದು ಇಷ್ಟು. ಉಚಲ್ 1,20,000. ಕಡಿದ ಕಬ್ಬಿನ ಕೂಲಿ 96,000. ಉಳಿದದ್ದು 24,000. ಅದರ ಕೆಳಗೆ ಖಾಡಾ, ಅಂದರೆ ಕೆಲಸ ತಪ್ಪಿದ ದಿನದ ದಂಡ, 22 ದಿನ, ದಿನಕ್ಕೆ 500ರಂತೆ 11,000. ಕಿರಾಣಿ 5,000. ದವಾಖಾನೆ 6,000. ಒಟ್ಟು 46,000. ಅದಕ್ಕೆ ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ನೂರಕ್ಕೆ ಮೂರರ ಬಡ್ಡಿ, ತಿಂಗಳಿಗೆ 1,380, ಆರು ತಿಂಗಳಿಗೆ 8,280. ಕೂಡಿಸಿದರೆ 54,280. ಲೆಕ್ಕದಲ್ಲಿ ಒಂದು ಪೈಸೆ ತಪ್ಪಿಲ್ಲ. ನಿಮ್ಮ ಮಾವ ಲೆಕ್ಕದಲ್ಲಿ ಗಟ್ಟಿ ಮನುಷ್ಯ.

ಈಗ ಅದೇ ಲೆಕ್ಕವನ್ನು ನಾವು ಇನ್ನೊಂದು ಕಡೆಯಿಂದ ಓದೋಣ. ಐದು ತಿಂಗಳು ಅಂದರೆ ಸುಮಾರು 150 ದಿನ. 96,000 ರೂಪಾಯಿಯನ್ನು ಅದಕ್ಕೆ ಭಾಗಿಸಿದರೆ ದಿನಕ್ಕೆ 640. ಅದು ಒಬ್ಬರಿಗಲ್ಲ, ಒಂದು ಕೊಯ್ತಾಕ್ಕೆ. ಓದುಗರಲ್ಲಿ ಈ ಮಾತು ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಕೊಯ್ತಾ ಅಂದರೆ ಕಬ್ಬು ಕಡಿಯುವ ಮಚ್ಚು. ಆದರೆ ಈ ಧಂದೆಯಲ್ಲಿ ಒಂದು ಕೊಯ್ತಾ ಅಂದರೆ ಗಂಡ ಹೆಂಡತಿ ಜೋಡಿ. ಉಚಲ್ ಕೊಡುವುದು ಜೋಡಿಗೆ, ಕೂಲಿ ಬರೆಯುವುದು ಜೋಡಿಗೆ. ಗಂಡ ಕಡಿಯುತ್ತಾನೆ, ಹೆಂಡತಿ ಸವರಿ, ಹೊರೆ ಕಟ್ಟಿ, ತಲೆ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಹಾಕುತ್ತಾಳೆ. ಒಬ್ಬರು ಮಲಗಿದರೆ ಇಬ್ಬರದೂ ಖಾಡಾ. ಅಂದರೆ ಆ ದಿನದ ಕೂಲಿಯೂ ಇಲ್ಲ, ಮೇಲೆ ದಂಡ. ಜೋಡಿಗೆ 640 ಅಂದರೆ ಒಬ್ಬರಿಗೆ 320. ನಸುಕಿನ ನಾಲ್ಕಕ್ಕೆ ಎದ್ದು ಕತ್ತಲಾದ ಮೇಲೆ ಗುಡಿಸಲಿಗೆ ಬರುವ ದುಡಿಮೆಗೆ.

ಆ 22 ದಿನದ ಖಾಡಾದಲ್ಲಿ ಹದಿನೈದು ದಿನ ನಿಮ್ಮ ಹೊಟ್ಟೆಯಲ್ಲಿದ್ದದ್ದು ಹೋದಾಗಿನದು ಅಂತ ಪತ್ರದ ಕೊನೆಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ. ದವಾಖಾನೆಯ 6,000 ಕೂಡ ಅದರದ್ದೇ. ಅಂದರೆ ಡೈರಿಯಲ್ಲಿ ಅದೇ ನೋವು ಎರಡು ಸಲ ಬರೆದಿದೆ, ಒಮ್ಮೆ ದಂಡವಾಗಿ, ಒಮ್ಮೆ ಸಾಲವಾಗಿ. ಬರೆದವರು ನಿಮ್ಮನ್ನು ಹೆಗಲ ಮೇಲೆ ಹೊತ್ತವರೇ. ಅವರು ಕಟುಕರು ಅಂತ ನಾನು ಹೇಳುತ್ತಿಲ್ಲ. ಈ ಧಂದೆಯಲ್ಲಿ ಖಾಡಾ ಎಲ್ಲರಿಗೂ ಒಂದೇ, ಸೊಸೆಯಾದರೂ ಅಷ್ಟೇ, ಪರರಾದರೂ ಅಷ್ಟೇ. ಅದೇ ಅದರ ಕ್ರೌರ್ಯ. ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ 2019ರಲ್ಲಿ ಸರ್ಕಾರದ ಸಮಿತಿ 82,309 ಕಬ್ಬು ಕಡಿಯುವ ಹೆಣ್ಣುಮಕ್ಕಳ ಮಾಹಿತಿ ತೆಗೆಯಿತು. ಅವರಲ್ಲಿ 13,861 ಮಂದಿಗೆ ಗರ್ಭಕೋಶದ ಆಪರೇಷನ್ ಆಗಿತ್ತು. ತಿಂಗಳ ನೋವು, ಅದರಿಂದ ತಪ್ಪುವ ಕೆಲಸ, ತಪ್ಪಿದ್ದಕ್ಕೆ ಬೀಳುವ ದಂಡ, ಇವೆಲ್ಲ ಅದರ ಹಿಂದೆ ಇದ್ದವು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಖಾಡಾ ಅನ್ನೋದು ಸಣ್ಣ ಮಾತಲ್ಲ ಅಂತ ನಿಮಗೆ ಗೊತ್ತಿರಲಿ.

ಈಗ ನಿಮ್ಮ ಪ್ರಶ್ನೆ. ದ್ರೋಹ ಮಾಡಲೋ, ಹೀಗೇ ಇರಲೋ ಅಂತ ಕೇಳಿದ್ದೀರಿ. ಎರಡೇ ದಾರಿ ಅಂತ ನಿಮಗೆ ಕಾಣುವಂತೆ ಯಾರೋ ಕಟ್ಟಿದ್ದಾರೆ. ಅದನ್ನು ನಾನು ಮೊದಲು ಬಿಚ್ಚುತ್ತೇನೆ.

ನಮ್ಮ ಮಾತಿನಲ್ಲಿ ಋಣ, ಸಾಲ, ಜೀತ ಅಂತ ಮೂರು ಶಬ್ದ ಇವೆ. ಜಾತ್ರೆಗೆ ಹೊತ್ತುಕೊಂಡು ಹೋದದ್ದು ಋಣ. ಅದನ್ನು ಯಾರೂ ಡೈರಿಯಲ್ಲಿ ಬರೆಯುವುದಿಲ್ಲ, ಅದಕ್ಕೆ ಬಡ್ಡಿಯೂ ಇಲ್ಲ. ಮದುವೆಗೆ ತಂದದ್ದು ಸಾಲ. ಅದನ್ನು ದುಡ್ಡಿನಲ್ಲಿ ತೀರಿಸಬಹುದು, ಎಲ್ಲಿ ಬೇಕಾದರೂ ದುಡಿದು ತೀರಿಸಬಹುದು. ಸಾಲ ತೀರುವ ತನಕ ಇಲ್ಲೇ, ನನ್ನ ಕೈ ಕೆಳಗೇ, ನಾನು ಹೇಳಿದ ಕೂಲಿಗೇ ದುಡಿ ಅಂದರೆ ಅದು ಜೀತ. ನಿಮ್ಮ ಮಾವ ಈ ಮೂರನ್ನೂ ಒಂದೇ ಗಂಟು ಹಾಕಿದ್ದಾರೆ. ಬೇಕಂತಲೇ ಹಾಕಿದ್ದಾರೋ, ಅವರಿಗೂ ಬೇರೆ ಬೇರೆ ಅಂತ ಗೊತ್ತಿಲ್ಲವೋ, ನಾನು ಹೇಳಲಾರೆ. ನೀವು ಜೀತ ಬಿಟ್ಟರೆ ಋಣ ಮುರಿದಂತೆ ಅಂತ ನಿಮಗೆ ಅನ್ನಿಸುತ್ತಿರುವುದು ಆ ಗಂಟಿನಿಂದಲೇ.

ಜೀತ ಅಂದ ತಕ್ಷಣ ಜನ ಸರಪಳಿ, ಬೀಗ ಅಂತ ನೆನೆಸುತ್ತಾರೆ. ಕಾನೂನು ಹಾಗೆ ನೋಡುವುದಿಲ್ಲ. ಜೀತ ಪದ್ಧತಿ ರದ್ದು ಕಾಯ್ದೆ ಬಂದದ್ದು 1976ರಲ್ಲಿ, ಜಾರಿಯಾದದ್ದು ಹಿಂದಿನಿಂದಲೇ, 1975ರ ಅಕ್ಟೋಬರ್ 25ರಿಂದ. ಅದರ ಕಲಂ 2 ಓದಿದರೆ ಬರೆದವರಿಗೆ ನಮ್ಮ ಮನೆಗಳ ಒಳಗು ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ. ಮುಂಗಡ ತೆಗೆದುಕೊಂಡವನು ತಾನೇ ದುಡಿಯಬೇಕಿಲ್ಲ. ಅವನ ಮನೆಯವರು ಯಾರಾದರೂ, ಅವನನ್ನು ನೆಚ್ಚಿಕೊಂಡವರು ಯಾರಾದರೂ ಅವನ ಬದಲು ದುಡಿದರೂ ಅದು ಜೀತವೇ. ಅಪ್ಪ ಅಜ್ಜ ತಂದ ಸಾಲಕ್ಕೆ ಮಗ ಮೊಮ್ಮಗ ದುಡಿದರೂ ಜೀತವೇ. ಸಾಲಗಾರ ಕೊಡದಿದ್ದರೆ ನಾನು ದುಡಿದು ತೀರಿಸುತ್ತೇನೆ ಅಂತ ಜಾಮೀನು ನಿಂತವನು ದುಡಿದರೂ ಜೀತವೇ. ಆ ಮುಂಗಡಕ್ಕೆ ಬದಲಾಗಿ ಅವರು ಕಳೆದುಕೊಂಡದ್ದು ಏನು ಅಂತ ಕಾನೂನು ಕೇಳುತ್ತದೆ. ಬೇರೆ ಕೆಲಸ ಹಿಡಿಯುವ ಸ್ವಾತಂತ್ರ್ಯ ಹೋಗಿದೆಯೇ? ಬೇಕಾದ ಕಡೆ ಹೋಗಿ ಬರುವ ಸ್ವಾತಂತ್ರ್ಯ ಹೋಗಿದೆಯೇ? ಕೂಲಿ ಇಲ್ಲದೆ ಅಥವಾ ನಾಮಕಾವಾಸ್ತೆ ಕೂಲಿಗೆ ದುಡಿಯುತ್ತಿದ್ದಾರೆಯೇ? ಇವುಗಳಲ್ಲಿ ಒಂದು ಇದ್ದರೂ ಸಾಕು.

ಹಾಗಂತ ಉಚಲ್ ತೆಗೆದುಕೊಂಡವರೆಲ್ಲ ಜೀತದಾಳುಗಳು ಅಲ್ಲ. ಮುಂಗಡ ತೆಗೆದು, ಸೀಸನ್ ಮುಗಿಸಿ, ಲೆಕ್ಕ ಚುಕ್ತಾ ಮಾಡಿ, ಮುಂದಿನ ವರ್ಷ ಬೇರೆ ಮುಕಾದಮನ ಹತ್ತಿರ ಹೋಗುವವರೂ ಇದ್ದಾರೆ. ನಿಮ್ಮದು ಹಾಗಿಲ್ಲ. ಸೊಲ್ಲಾಪುರದ ಕೆಲಸ ಕೈಗೆ ಬಂದರೂ ಹಿಡಿಯಲು ಆಗುತ್ತಿಲ್ಲ. ಮೈದುನ ಅಂತೂ ಕೂಲಿಯೇ ಇಲ್ಲದೆ ಇನ್ನೊಬ್ಬರ ಸಾಲಕ್ಕೆ ಒತ್ತೆ ಕೂತಿದ್ದಾನೆ. ನನ್ನ ಲೆಕ್ಕದಲ್ಲಿ ಇದು ಜೀತ. ಹುಡುಗನದು ಅನುಮಾನವೇ ಇಲ್ಲದ ಜೀತ.

ಇದರಿಂದ ಏನಾಗುತ್ತದೆ ಅಂದರೆ, ಕಲಂ 6ರ ಪ್ರಕಾರ ಜೀತದ ಸಾಲವೇ ಸತ್ತುಹೋಗುತ್ತದೆ. ಕಡಿಮೆ ಆಗುವುದಲ್ಲ, ಕಂತು ಆಗುವುದಲ್ಲ, ಇಲ್ಲವೇ ಇಲ್ಲ. ಅದರ ಮೇಲೆ ಕೋರ್ಟಿಗೆ ದಾವೆ ಹಾಕಲು ಬರುವುದಿಲ್ಲ. ಬಾಂಡ್ ಪೇಪರಿನಲ್ಲಿ ಸಹಿ ಮಾಡಿಕೊಟ್ಟ ಕರಾರು ಕಲಂ 5ರ ಪ್ರಕಾರ ರದ್ದು. ಸತ್ತ ಸಾಲಕ್ಕೆ ಮತ್ತೆ ಹಣ ಇಸಿದುಕೊಂಡರೆ, ಇಸಿದುಕೊಂಡವರಿಗೆ ಕಲಂ 9ರಲ್ಲಿ ಮೂರು ವರ್ಷದ ತನಕ ಶಿಕ್ಷೆ ಇದೆ. ಬಲವಂತವಾಗಿ ಜೀತ ಮಾಡಿಸಿದವರಿಗೆ ಕಲಂ 16ರಲ್ಲಿ ಮೂರು ವರ್ಷದ ತನಕ ಜೈಲು, 2,000 ರೂಪಾಯಿ ತನಕ ದಂಡ. (2,000 ರೂಪಾಯಿ 1976ರಲ್ಲಿ ದೊಡ್ಡ ಮೊತ್ತ ಇದ್ದಿರಬಹುದು. ಈಗ ನಿಮ್ಮ ನಾಲ್ಕು ದಿನದ ಖಾಡಾ.) ಇನ್ನು ಇದು ಜೀತದ ಸಾಲ ಅಂತ ನೀವು ಹೇಳಿದರೆ, ಅಲ್ಲ ಅಂತ ತೋರಿಸುವ ಭಾರ ಕೊಟ್ಟವರ ಮೇಲೆ, ಕಲಂ 15. ಸಾಕ್ಷಿ ನಿಮ್ಮ ಹತ್ತಿರ ಇಲ್ಲ ಅಂತ ಹೆದರಬೇಡಿ.

ಮಾವ ಎಲ್ಲಿ ಕೂಡಿ ಹಾಕಿದ್ದಾರೆ, ಹೊಡೆದಿದ್ದಾರಾ ಅಂತ ಕೇಳುವ ಅಧಿಕಾರಿ ನಿಮಗೆ ಖಂಡಿತ ಸಿಗುತ್ತಾರೆ. 1982ರಲ್ಲಿ ದೆಹಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಟ್ಟಡಗಳ ಕೂಲಿಗಳ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಹೊಟ್ಟೆಯ ಹಸಿವು ಬೇರೆ ದಾರಿಯೇ ಇಲ್ಲದಂತೆ ಮಾಡಿ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿದರೆ ಅದೂ ಬಲವಂತದ ದುಡಿಮೆಯೇ, ಸಂವಿಧಾನದ 23ನೇ ವಿಧಿಗೆ ವಿರುದ್ಧ ಅಂತ ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದರು. ಫರೀದಾಬಾದಿನ ಕಲ್ಲುಗಣಿಗಳ ಕೇಸಿನಲ್ಲಿ 1983ರ ಡಿಸೆಂಬರ್‌ನಲ್ಲಿ ಇನ್ನೂ ಮುಂದೆ ಹೋದರು. ಒಬ್ಬನಿಂದ ಬಲವಂತವಾಗಿ ದುಡಿಸುತ್ತಿದ್ದಾರೆ ಅಂತ ಕಂಡರೆ, ಅದು ಮುಂಗಡಕ್ಕಾಗಿಯೇ ಅಂತ ಮೊದಲು ಹಿಡಿಯಬೇಕು, ಅಲ್ಲ ಅಂತ ಮಾಲೀಕ ತೋರಿಸಲಿ ಅಂದರು.

ಇಷ್ಟು ಹೇಳಿದ ಮೇಲೆ, ನಿಮಗೆ ನಿದ್ದೆ ಕೆಡಿಸುವ ಮಾತಿಗೆ ಬರುತ್ತೇನೆ. ಹಾಗಾದರೆ ಮಾವ ಜೈಲಿಗೆ ಹೋಗುತ್ತಾರಾ? ಹೋಗಬಹುದು. ಸುಳ್ಳು ಹೇಳಿ ನಿಮ್ಮಿಂದ ಅರ್ಜಿ ಬರೆಸಿಕೊಳ್ಳಲು ನನಗೆ ಇಷ್ಟವಿಲ್ಲ. ಮುಂಗಡ ಕೊಟ್ಟು, ಹುಡುಗನನ್ನು ಇಟ್ಟುಕೊಂಡವರು ಅವರು. ಕಾನೂನಿನ ಕಣ್ಣಿಗೆ ಅವರು ಸಾಲ ಕೊಟ್ಟವರೇ. ಸೋದರಮಾವ ಅನ್ನುವುದಕ್ಕೆ ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಇಲ್ಲೊಂದು ವಿಷಯ ಇದೆ, ಜನ ಗಮನಿಸುವುದಿಲ್ಲ. ಆ 1,20,000 ನಿಮ್ಮ ಮಾವನ ಗಂಟಿನದಲ್ಲ. ಸಾಗಾಟದ ಟ್ರ್ಯಾಕ್ಟರ್ ಮಾಲೀಕರಿಂದಲೋ ಫ್ಯಾಕ್ಟರಿ ಕಡೆಯಿಂದಲೋ ಅವರು ಇಷ್ಟು ಕೊಯ್ತಾ ತರುತ್ತೇನೆ ಅಂತ ಬರೆದುಕೊಟ್ಟು ತಂದದ್ದು. ತಾವೂ ಒಂದು ಕಾಲಕ್ಕೆ ಕಬ್ಬು ಕಡಿದವರೇ ಅಂತ ನೀವೇ ಬರೆದಿದ್ದೀರಿ, ಎಡಗೈಯ ಹೆಬ್ಬೆರಳ ಮೇಲೆ ಕೊಯ್ತಾದ ಗಾಯ ಇದೆ ಅಂತ. ಕೊಯ್ತಾ ಕಡಿಮೆ ಬಿದ್ದರೆ ಮೇಲಿನವರು ಅವರ ಟ್ರ್ಯಾಕ್ಟರ್ ಎಳೆಯುತ್ತಾರೆ ಅನ್ನುವುದು ಬರೀ ಬೆದರಿಕೆ ಇರಲಾರದು. ಅವರಿಗೂ ಮೇಲೊಂದು ಡೈರಿ ಇದೆ. ಅರ್ಜಿಯಲ್ಲಿ ಅದನ್ನೂ ಬರೆಯಬೇಕು: ಹಣ ಎಲ್ಲಿಂದ ಬಂತು, ಯಾವ ಫ್ಯಾಕ್ಟರಿಯ ಕಬ್ಬು ಕಡಿದಿರಿ, ತೂಕದ ಚೀಟಿ ಯಾರ ಹೆಸರಿನಲ್ಲಿ ಬರುತ್ತಿತ್ತು. ಇಲ್ಲದಿದ್ದರೆ ತನಿಖೆ ನಿಮ್ಮ ಮಾವನ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ನಾನು ನೋಡಿದ ಕೇಸುಗಳಲ್ಲಿ ಹೆಚ್ಚಿನವು ಅಲ್ಲೇ ನಿಂತಿವೆ. ಕೆಳಗಿನ ಮುಕಾದಮ ಸಿಕ್ಕಿಬಿದ್ದ, ಮೇಲಿನವರು ಮುಂದಿನ ದಸರೆಗೆ ಇನ್ನೊಬ್ಬ ಮುಕಾದಮನನ್ನು ಹುಡುಕಿಕೊಂಡರು.

ರಾತ್ರಿ ಓಡಿಹೋಗುವ ಯೋಚನೆ ಬಿಡಿ. ಬೇಡ ಅನ್ನಲು ಕಾರಣ ಧೈರ್ಯದ್ದಲ್ಲ. ನೀವಿಬ್ಬರು ಓಡಿದ ಮರುದಿನದಿಂದ ಮೈದುನ ಇನ್ನೂ ಗಟ್ಟಿ ಒತ್ತೆ ಆಗುತ್ತಾನೆ. ಉಚಲ್ ತೆಗೆದುಕೊಂಡು ಮೋಸ ಮಾಡಿದರು ಅಂತ ಅವರೇ ಮೊದಲು ಪೊಲೀಸ್ ಠಾಣೆಗೆ ಹೋಗುತ್ತಾರೆ. ಆಗ ನೀವು ದೂರುದಾರರಲ್ಲ, ಆರೋಪಿಗಳು. ಮೊದಲು ಹೋಗಿ ಬರೆದವರ ಮಾತಿಗೆ ಠಾಣೆಯಲ್ಲಿ ತೂಕ ಜಾಸ್ತಿ, ಇದು ನಿಮಗೂ ಗೊತ್ತು.

ಮನೆಯವರನ್ನು ಬಿಟ್ಟು ಹೋಗುವುದು, ಹೋದ ಮೇಲೆ ಅವರಿಗಾಗಿ ತಿರುಗಿ ಬರುವುದು, ಇದು ಜೀತದಷ್ಟೇ ಹಳೆಯ ಕಷ್ಟ. ಅಮೆರಿಕದ ಹ್ಯಾರಿಯೆಟ್ ಟಬ್‌ಮನ್ ಬಗ್ಗೆ ನಿಮ್ಮ ಊರಿನ ಶಾಲೆಯಲ್ಲಿ ಹೇಳಿರಲಿಕ್ಕಿಲ್ಲ. ಮೇರಿಲ್ಯಾಂಡ್ ರಾಜ್ಯದಲ್ಲಿ ಗುಲಾಮಳಾಗಿ ಹುಟ್ಟಿದ ಹೆಣ್ಣುಮಗಳು. 1849ರಲ್ಲಿ ತನ್ನ ಇಬ್ಬರು ಅಣ್ಣತಮ್ಮಂದಿರ ಜೊತೆ ತಪ್ಪಿಸಿಕೊಂಡಳು. ಹಿಡಿದುಕೊಟ್ಟವರಿಗೆ ಬಹುಮಾನ ಅಂತ ಪತ್ರಿಕೆಯಲ್ಲಿ ಜಾಹೀರಾತು ಬಂತು. ಅಣ್ಣತಮ್ಮಂದಿರು ಹೆದರಿದರು, ಹಿಂದಕ್ಕೆ ಬಂದರು, ಇವಳನ್ನೂ ಕರಕೊಂಡು ಬಂದರು. ಸ್ವಲ್ಪ ದಿನ ಕಳೆದು ಅವಳು ಒಬ್ಬಳೇ ಹೋದಳು. ಗಂಡ ಗುಲಾಮನಾಗಿರಲಿಲ್ಲ, ಆದರೂ ಜೊತೆಗೆ ಬರಲಿಲ್ಲ. ಮುಂದೆ ಅವನಿಗಾಗಿ ತಿರುಗಿ ಬಂದಾಗ ಅವನು ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದ. ಅವಳು ಅಷ್ಟಕ್ಕೇ ನಿಲ್ಲಲಿಲ್ಲ. ಸುಮಾರು ಹದಿಮೂರು ಸಲ ಅದೇ ಸೀಮೆಗೆ ಹೋಗಿ, ಸುಮಾರು ಎಪ್ಪತ್ತು ಮಂದಿಯನ್ನು ಕರಕೊಂಡು ಬಂದಳು. 1854ರ ಕ್ರಿಸ್‌ಮಸ್ ಹೊತ್ತಿಗೆ ಅಣ್ಣತಮ್ಮಂದಿರನ್ನು, 1857ರಲ್ಲಿ ಮುಪ್ಪಾದ ಅಪ್ಪ ಅವ್ವನನ್ನು.

ಈ ಕಥೆ ಕೇಳಿದಾಗೆಲ್ಲ ಜನ ಅವಳ ಧೈರ್ಯ ಹೊಗಳುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಕಾಡುವುದು ಹಿಂದಕ್ಕೆ ಬಂದ ಅಣ್ಣತಮ್ಮಂದಿರು. ಅವರು ಹೇಡಿಗಳಾಗಿರಲಿಲ್ಲ. ಅವರ ಹಿಂದೆ ಮನೆಯವರಿದ್ದರು. ಒಡೆಯನಿಗೆ ಬೇಲಿಗಿಂತ, ನಾಯಿಗಿಂತ ಆ ಮನೆಯವರೇ ಗಟ್ಟಿ ಕಾವಲು. ನಿಮ್ಮ ಮನೆಯಲ್ಲಿ ಆ ಕಾವಲು ಯಾರು ಅಂತ ಯೋಚಿಸಿ. ಮೈದುನ. ನಿಮ್ಮ ಅಣ್ಣನ ಹೆಂಡತಿ. ದಾನಮ್ಮನ ಆಣೆ.

ಟಬ್‌ಮನ್‌ಗೆ ಇಲ್ಲದ ಒಂದು ಅನುಕೂಲ ನಿಮಗಿದೆ. ಅವಳ ದೇಶದ ಕಾನೂನು ಆಗ ಒಡೆಯನ ಕಡೆ ಇತ್ತು. ನಿಮ್ಮದು ನಿಮ್ಮ ಕಡೆ ಇದೆ, ಕಾಗದದಲ್ಲಾದರೂ. ಹಾಗಾಗಿ ನೀವು ಒಬ್ಬೊಬ್ಬರಾಗಿ ತಪ್ಪಿಸಿಕೊಳ್ಳಬೇಕಿಲ್ಲ. ಒಂದೇ ಅರ್ಜಿಯಲ್ಲಿ ಮೂವರ ಹೆಸರು ಬರೆಯಬಹುದು.

ಮೊದಲು ಹುಡುಗ ಮನೆಗೆ ಬರಲಿ. ಗಣಪತಿ ಹಬ್ಬ ಬರುತ್ತಿದೆ, ಅವನ ಅವ್ವ ಕರೆಯಲಿ. ಹಬ್ಬಕ್ಕೆ ಹುಡುಗನನ್ನು ಕಳಿಸುವುದಿಲ್ಲ ಅಂತ ಹೇಳುವುದು ಮಾವನಿಗೂ ಕಷ್ಟ, ಊರು ನೋಡುತ್ತದೆ. ಕಳಿಸಲಿಲ್ಲವೋ, ಆ ಮಾತೇ ನಿಮ್ಮ ಅರ್ಜಿಗೆ ದೊಡ್ಡ ಬಲ. ಯಾವ ದಿನ ಕೇಳಿದಿರಿ, ಏನು ಉತ್ತರ ಬಂತು ಬರೆದಿಡಿ. ಆಗ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಅವನಿಗೆ 17, ಇನ್ನೂ ಕಾನೂನಿಗೆ ಮಗು. ಲೈಸೆನ್ಸ್ ಇಲ್ಲದ ಹುಡುಗನ ಕೈಗೆ ಟ್ರ್ಯಾಕ್ಟರ್ ಕೊಟ್ಟದ್ದು ಬೇರೆಯೇ ತಪ್ಪು. ಹೊಡೆತ ಬಡಿತದ ಭಯ ಇದ್ದರೆ 112. ಹುಡುಗ ನಿಮ್ಮ ಮನೆಯ ಒಳಗೆ ಬಂದು ಸೇರುವ ತನಕ ಮಾವನ ಹತ್ತಿರ ಕಾನೂನಿನ ಮಾತು ಎತ್ತಲೇಬೇಡಿ. ಇನ್ನೊಂದು ಕೇಸಿನಲ್ಲಿ, ಎತ್ತಿದ ರಾತ್ರಿಯೇ ಒತ್ತೆ ಇದ್ದವನನ್ನು ಬೇರೆ ಊರಿಗೆ ಕಳಿಸಿದ್ದನ್ನು ನಾನು ಕಂಡಿದ್ದೇನೆ. ಹುಡುಕಲು ನಮಗೆ ಮೂರು ವಾರ ಹಿಡಿಯಿತು.

ಆಮೇಲೆ ಒಂದು ಸಲ, ಒಂದೇ ಸಲ, ಮಾವನ ಜೊತೆ ಕೂತು ಮಾತಾಡಿ. ನನ್ನ ಸಹೋದ್ಯೋಗಿಗಳು ಕೆಲವರು ಇದಕ್ಕೆ ನನ್ನನ್ನು ಬೈಯುತ್ತಾರೆ, ನೇರ ಅರ್ಜಿ ಹಾಕಿಸು ಅಂತಾರೆ. ಅಪರಿಚಿತ ಮುಕಾದಮ ಆಗಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಇಲ್ಲಿ ನೀವು ನಾಳೆಯೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕಾದವರು. ನಿಮ್ಮ ಅವ್ವ ಇರಲಿ, ಗಂಡ ಇರಲಿ, ಊರಿನ ಒಬ್ಬಿಬ್ಬರು ಹಿರಿಯರು ಇರಲಿ. ನಿಮ್ಮ ಮಾತು ಚಿಕ್ಕದಿರಲಿ: "ಮಾವಾ, ನಾವು ಈ ವರ್ಷ ಬರೋದಿಲ್ಲ. ಸಹಿ ಮಾಡಿದ ಕಾಗದ, ಆಧಾರ ಕಾರ್ಡು, ಪಾಸ್‌ಬುಕ್ ವಾಪಸ್ ಕೊಡ್ರಿ. ಇದು ಜೀತದ ಸಾಲ ಅಂತ ಕಾನೂನು ಹೇಳ್ತದ. ನಿಮ್ಮ ಮ್ಯಾಲೆ ಕೇಸು ಹಾಕೂ ಮನಸ್ಸು ನಮಗಿಲ್ಲ." ಅಲ್ಲಿ ಹಣದ ಚೌಕಾಸಿಗೆ ಇಳಿಯಬೇಡಿ. ಇಪ್ಪತ್ತು ಸಾವಿರ ಕೊಟ್ಟು ಬಿಡಿ ಅಂತ ಯಾರಾದರೂ ಹಿರಿಯರು ನಡುವೆ ಬಾಯಿ ಹಾಕುತ್ತಾರೆ. ಕೊಟ್ಟರೆ ಇಸಿದುಕೊಂಡ ಮಾವನೇ ಕಲಂ 9ರ ಅಪರಾಧಿ ಆಗುತ್ತಾರೆ. ಮಾವನ ಮೇಲಿನ ಪ್ರೀತಿಗಾದರೂ ಕೊಡಬೇಡಿ.

ಒಪ್ಪದಿದ್ದರೆ ಅರ್ಜಿ. ಪ್ರಾಂತಾಧಿಕಾರಿಗೆ (ಉಪವಿಭಾಗಾಧಿಕಾರಿ) ಅಥವಾ ಸಾಂಗ್ಲಿಯ ಜಿಲ್ಲಾಧಿಕಾರಿಗೆ ಕೊಡಬೇಕು, ಒಂದು ಪ್ರತಿ ತಹಸೀಲ್ದಾರರಿಗೆ. ಜೀತದಿಂದ ಬಿಡುಗಡೆ ಮಾಡುವ ಅಧಿಕಾರ ಪೊಲೀಸರದ್ದಲ್ಲ, ಇವರದ್ದು. ಭಾಷೆಯ ಬಗ್ಗೆ ಕೇಳಿದ್ದೀರಿ, ಮರಾಠಿ ಬರೆಯಲು ಬರುವುದಿಲ್ಲ ಅಂತ. ಸಂವಿಧಾನದ 350ನೇ ವಿಧಿ ನಮ್ಮಂಥ ಗಡಿಯವರಿಗೆ ಬಹಳ ಉಪಯೋಗ. ಅಹವಾಲು ಹೇಳಿಕೊಳ್ಳಲು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದರೂ ಅರ್ಜಿ ಕೊಡುವ ಹಕ್ಕು ಅದರಲ್ಲಿದೆ. ಕನ್ನಡದಲ್ಲಿ ನಿಮ್ಮದೇ ಮಾತಿನಲ್ಲಿ ಬರೆಯಿರಿ. ಜೊತೆಗೆ ಯಾರಿಂದಲಾದರೂ ಮರಾಠಿ ಪ್ರತಿ ಮಾಡಿಸಿ ಲಗತ್ತಿಸಿ. ಹಕ್ಕು ಹಕ್ಕೇ, ಆದರೆ ಗುಮಾಸ್ತರು ಓದಬೇಕಲ್ಲ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಕಚೇರಿ ಬಿಟ್ಟು ಬರಬೇಡಿ. ಹೋದ ಸೀಸನ್ನಿನಲ್ಲಿ ನೀವು ಕಡಿದದ್ದು ಕರ್ನಾಟಕದ ಕಡೆ ಆಗಿದ್ದರೆ ಅಲ್ಲಿನ ಜಿಲ್ಲಾಧಿಕಾರಿಗೂ ಒಂದು ಪ್ರತಿ ಹೋಗಲಿ.

ವಕೀಲರಿಗೆ ದುಡ್ಡು ಬೇಕಿಲ್ಲ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಬಿಟ್ಟಿ ದುಡಿಮೆಗೆ ಸಿಕ್ಕವರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೆ ಸಾಕು.

ನಿಮಗೆ ಕೊನೆಗೆ ಬೇಕಾದ ಕಾಗದದ ಹೆಸರು ಬಿಡುಗಡೆ ಪ್ರಮಾಣಪತ್ರ. ಅರ್ಧ ಹಾಳೆಯಷ್ಟು ಬರಹ, ಒಂದು ಸಹಿ, ಒಂದು ಮೊಹರು. ಅದು ಇದ್ದರೆ ಬಾಂಡ್ ಪೇಪರ್ ಹಿಡಿದುಕೊಂಡು ಯಾರೇ ಬಾಗಿಲಿಗೆ ಬಂದರೂ ನೀವು ಅದನ್ನು ತೋರಿಸಬಹುದು. ಇದನ್ನು ಕೊಡಲು ಅಧಿಕಾರಿಗಳು ಹಿಂದೆ ಮುಂದೆ ನೋಡುತ್ತಾರೆ. ಕೊಟ್ಟರೆ ತಮ್ಮ ತಾಲೂಕಿನಲ್ಲಿ ಜೀತ ಇದೆ ಅಂತ ಒಪ್ಪಿಕೊಂಡ ಹಾಗೆ, ಅಲ್ವಾ? "ಇದು ಸಂಬಂಧಿಕರ ವ್ಯವಹಾರ, ಮನೆಯಲ್ಲೇ ಬಗೆಹರಿಸಿಕೊಳ್ಳಿ" ಅಂದಾರು. ಸಂಬಂಧಿಕರು ಮಾಡಿಸಿದರೆ ಜೀತ ಅಲ್ಲ ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಅದನ್ನೇ ಹೇಳಿ.

ದುಡ್ಡಿನ ವಿಷಯ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ಬಿಡುಗಡೆಯಾದವರಿಗೆ ಕೈಗೆ ತಕ್ಷಣ 30,000 ರೂಪಾಯಿ ತನಕ ಸಹಾಯ ಇದೆ. ಆಮೇಲೆ ಗಂಡಸರಿಗೆ 1 ಲಕ್ಷ, ಹೆಂಗಸರಿಗೆ, ಮಕ್ಕಳಿಗೆ 2 ಲಕ್ಷ. ಇದನ್ನು ಲೆಕ್ಕ ಹಾಕಿಕೊಂಡು ಕನಸು ಕಟ್ಟಬೇಡಿ. ಆಮೇಲಿನ ಈ ಹಣವನ್ನು ಮೊಕದ್ದಮೆಯ ಫಲಿತಾಂಶಕ್ಕೆ ತಳುಕು ಹಾಕಿದ್ದಾರೆ, ವರ್ಷಗಟ್ಟಲೆ ಎಳೆಯುತ್ತದೆ. ನಿಮ್ಮ ಭರವಸೆ ಸೊಲ್ಲಾಪುರದ ಹೊಲಿಗೆ ಯಂತ್ರದ ಮೇಲಿರಲಿ. ಬಿಡುಗಡೆ ಆಗಿ ಕೆಲಸ ಸಿಗದವರು ಮುಂದಿನ ವರ್ಷ ಅದೇ ಮುಕಾದಮನ ಬಾಗಿಲಿಗೆ ಹೋಗಿ ನಿಂತದ್ದುಂಟು. ಅಲ್ಲಿ ಕೆಲಸಕ್ಕೆ ಸೇರುವಾಗಲೂ ಮುಂಗಡ ಅಂತ ಏನಾದರೂ ಕೊಡಲು ಬಂದರೆ ಎರಡು ಸಲ ಯೋಚಿಸಿ.

ದಾನಮ್ಮನ ಮುಂದೆ ಕೊಟ್ಟ ಮಾತು ನಿಮ್ಮ ಗಂಡನನ್ನು ಕಾಡುತ್ತಿದೆ ಅಂದಿರಿ. ನಾನು ವಕೀಲ, ಪೂಜಾರಿ ಅಲ್ಲ. ಅವರು ಏನು ಮಾತು ಕೊಟ್ಟರು ಅಂತ ಮಾತ್ರ ಅವರನ್ನು ಕೇಳಿ. ಸಾಲ ಮುಳುಗಿಸುವುದಿಲ್ಲ ಅಂದಿದ್ದರಾ, ತಮ್ಮನನ್ನು ಒತ್ತೆ ಇಡುತ್ತೇನೆ ಅಂದಿದ್ದರಾ? ಹದಿನೇಳರ ಹುಡುಗನ ಪರವಾಗಿ ಆಣೆ ಮಾಡಲು ಅವನನ್ನು ಯಾರಾದರೂ ಕೇಳಿದ್ದರಾ?

ನಿಮ್ಮ ಅಣ್ಣನ ಸಂಸಾರದ ಬೆದರಿಕೆಗೆ ಮಾತ್ರ ನನ್ನ ಹತ್ತಿರ ಯಾವ ಕಲಮೂ ಇಲ್ಲ. ಅಪ್ಪ ಮಗಳನ್ನು ತವರಿಗೆ ಕರೆದರೆ ಕಾನೂನು ಏನೂ ಮಾಡಲಾರದು. ಇಡೀ ಪತ್ರದಲ್ಲಿ ಒಂದು ಮಾತು ನನಗೆ ವಿಚಿತ್ರ ಅನ್ನಿಸಿತು. ಮಾವ ಏನು ಅಂತಾರೆ ಅಂತ ಬರೆದಿದ್ದೀರಿ. ಅಣ್ಣ ಹೆದರಿದ್ದಾನೆ ಅಂತ ಬರೆದಿದ್ದೀರಿ. ಅತ್ತಿಗೆ ಏನು ಅಂತಾರೆ ಅಂತ ಒಂದು ಅಕ್ಷರ ಇಲ್ಲ. ಬಹುಶಃ ಅವರನ್ನು ಯಾರೂ ಕೇಳಿಲ್ಲ. ಅವರೇನು ಟ್ರ್ಯಾಕ್ಟರ್ ಅಲ್ಲ, ಎಳೆದುಕೊಂಡು ಹೋಗಲು. ನಾಳೆ ನೀರಿಗೆ ಹೋದಾಗಲೋ, ರೊಟ್ಟಿ ಬಡಿಯುವಾಗಲೋ, ಗಂಡಸರು ಇಲ್ಲದ ಹೊತ್ತಿನಲ್ಲಿ ಅವರ ಹತ್ತಿರ ಕೂತು ಎಲ್ಲ ಹೇಳಿ. ಖಾಡಾದ ಹದಿನೈದು ದಿನದ ಲೆಕ್ಕವನ್ನೂ ಹೇಳಿ. ಅಪ್ಪನ ಮಾತಿಗೆ ಅವರು ಹೊರಟು ನಿಲ್ಲುತ್ತಾರೋ ಇಲ್ಲವೋ ಅಂತ ನೀವೂ ನಾನೂ ಊಹೆ ಮಾಡುವುದಕ್ಕಿಂತ ಅದು ಮೇಲು. ಡೈರಿ ಎಲ್ಲಿಡುತ್ತಾರೆ ಅಂತ ಗೊತ್ತಿರುವುದೂ ಅವರಿಗೇ.

ನನಗೆ ಈಗ ಬೇಕಾಗಿರುವುದು ಆ ಡೈರಿಯ ಉಳಿದ ಪುಟಗಳು. ಅರ್ಜಿ ಬರೆಯುವ ಮೊದಲು ಸಿಕ್ಕರೆ ಒಳ್ಳೆಯದು. ನಿಮ್ಮ ಹೆಸರಿನ ಪುಟ ಮಾತ್ರ ಕಳಿಸಿದ್ದೀರಿ. ಮೂರು ವರ್ಷದ್ದೂ ತೆಗೆಯಿರಿ. ಮುಂದಿನಿಂದ ಕೊಯ್ತಾಗಳ ಲೆಕ್ಕ ಬರೆದರೆ ಮುಕಾದಮರು ತಮ್ಮ ಲೆಕ್ಕವನ್ನು ಸಾಮಾನ್ಯವಾಗಿ ಹಿಂದಿನಿಂದ ಬರೆಯುತ್ತಾರೆ. ಡೈರಿ ತಿರುಗಿಸಿ, ಕೊನೆಯ ಪುಟಗಳನ್ನೂ ಫೋಟೊ ತೆಗೆಯಿರಿ. ಅಲ್ಲಿ ನಿಮ್ಮ ಮಾವನ ಹೆಸರಿನಲ್ಲಿ ಎಷ್ಟು ಬಾಕಿ ಇದೆ ಅಂತ ನೋಡೋಣ.